ಸೋಂಪಿನ ತಟ್ಟೆ ಯಾರದು

ಕಡೂರು ದಾಟಿ ಬೀರೂರಿನ ಕಡೆಗೆ ಹೋಗುವ ಹೆದ್ದಾರಿಯ ಪಕ್ಕದಲ್ಲಿ ಗುರುಮೂರ್ತಿಯವರ ವೆಜ್ ಹೋಟೆಲು. ಅಲ್ಲಿ ವನಜಾಕ್ಷಿ ಸಪ್ಲೈಯರ್ ಆಗಿ ಹನ್ನೊಂದು ವರ್ಷವಾಯಿತು. ವಯಸ್ಸು ಐವತ್ತನಾಲ್ಕು. ಬೆಳಿಗ್ಗೆ ಏಳಕ್ಕೆ ಸೀರೆಯ ಮೇಲೆ ನೀಲಿ ಕೋಟು ತೊಟ್ಟು ನಿಂತರೆ ಮಧ್ಯಾಹ್ನ ನಾಲ್ಕರವರೆಗೆ ಕೂರುವ ಮಾತಿಲ್ಲ. ಸಂಜೆ ಮನೆಗೆ ಹೋಗಿ ಚಪ್ಪಲಿ ಬಿಟ್ಟರೆ ಪಾದದ ಮೇಲೆ ಪಟ್ಟಿಯ ಗುರುತು ಹಳ್ಳ ಬಿದ್ದಿರುತ್ತದೆ. ಬೆಳಿಗ್ಗೆ ಎದ್ದಾಗಲೂ ಅದು ಪೂರ್ತಿ ಹೋಗಿರುವುದಿಲ್ಲ.

ಅವಳಿಗೆ ಬರೆಯಲು ಬರುವುದು ಸಹಿ ಮಾತ್ರ, ಓದಲು ಬರುವುದು ಬಸ್ಸಿನ ಬೋರ್ಡಿನಷ್ಟು. ಆದರೆ ಒಂದೇ ಸಲಕ್ಕೆ ಎಂಟು ಮೇಜಿನ ಆರ್ಡರನ್ನು ಒಂದು ಚೂರು ಚೀಟಿಯೂ ಇಲ್ಲದೆ ತಲೆಯಲ್ಲಿ ಇಟ್ಟುಕೊಂಡು ಅಡುಗೆಮನೆಯ ಕಿಂಡಿಯಲ್ಲಿ ಕೂಗಿ ಹೇಳುತ್ತಿದ್ದಳು. ಯಾರಿಗೆ ಈರುಳ್ಳಿ ಬೇಡ, ಯಾರಿಗೆ ಕಾಫಿಗೆ ಸಕ್ಕರೆ ಬೇಡ, ಒಂದೂ ತಪ್ಪುತ್ತಿರಲಿಲ್ಲ. ಅದಕ್ಕೇ ಹೊಸಬರು ಯಾರೇ ಬಂದರೂ ಗುರುಮೂರ್ತಿ ಅವರನ್ನು ವನಜಾಕ್ಷಿಯ ಹಿಂದೆ ಕಟ್ಟುತ್ತಿದ್ದರು. ಹನ್ನೊಂದು ವರ್ಷದಲ್ಲಿ ಒಂಬತ್ತು ಜನರಿಗೆ ಕಲಿಸಿದಳು. ಒಬ್ಬರು ಗಾರ್ಮೆಂಟ್ಸಿಗೆ ಹೋದರು, ಒಬ್ಬರು ಮದುವೆಯಾಗಿ ಹೋದರು, ಒಬ್ಬರು ಹೇಳದೆ ಹೋದರು. ಕಲಿತವರು ಒಬ್ಬನನ್ನು ಬಿಟ್ಟು ಎಲ್ಲ ಹೋಗಿ ಕಲಿಸುವ ಕೆಲಸ ಮಾತ್ರ ಅವಳ ಹತ್ತಿರ ಉಳಿಯಿತು.

ಊಟ ಮುಗಿದ ಮೇಲೆ ಬಿಲ್ಲನ್ನು ಸಣ್ಣ ಸ್ಟೀಲ್ ತಟ್ಟೆಯಲ್ಲಿ, ಒಂದು ಹಿಡಿ ಸೋಂಪಿನ ಜೊತೆ ಮೇಜಿಗೆ ಇಡುತ್ತಾರೆ. ಗಿರಾಕಿ ದುಡ್ಡು ಕೊಟ್ಟು, ವಾಪಸ್ ಬಂದ ಚಿಲ್ಲರೆಯಲ್ಲಿ ಹತ್ತೋ ಇಪ್ಪತ್ತೋ ತಟ್ಟೆಯಲ್ಲೇ ಬಿಟ್ಟು ಏಳುತ್ತಾನೆ. ತಟ್ಟೆ ಎತ್ತಿದವರಿಗೆ ಆ ದುಡ್ಡು. ಈಗೀಗ ಅರ್ಧ ಜನ ಫೋನಿನಲ್ಲೇ ಕಟ್ಟಿ, ಸೋಂಪನ್ನು ಬಾಯಿಗೆ ಹಾಕಿಕೊಂಡು ಹೋಗಿಬಿಡುತ್ತಾರೆ. ಹಾಗಾಗಿ ಉಳಿದ ಅರ್ಧ ಜನರ ತಟ್ಟೆಯ ಮೇಲೆ ಎಲ್ಲರ ಕಣ್ಣು.

ಹೊಸಬರಿಗೆ ಹದಿನೈದು ದಿನ ತಟ್ಟೆ ಇಲ್ಲ. ಅವರು ಮೇಜು ಒರೆಸಬಹುದು, ನೀರು ಇಡಬಹುದು, ಬಡಿಸಬಹುದು. ತಟ್ಟೆ ಮಾತ್ರ ಕಲಿಸುವವರದು. ಕಲಿಸಿದ್ದಕ್ಕೆ ಮಾಲೀಕರು ಬೇರೆ ಏನೂ ಕೊಡುವುದಿಲ್ಲವಾದ್ದರಿಂದ ಅದೇ ಕೂಲಿ. ಈ ಕಟ್ಟಳೆಯನ್ನು ಕಡೂರಿಗೆ ತಂದವಳು ವನಜಾಕ್ಷಿಯೇ. ಅವಳಿಗೆ ಅದು ಬಂದದ್ದು ತರೀಕೆರೆಯ ಗಿಡ್ಡಪ್ಪನಿಂದ.

ಅವಳು ಹುಟ್ಟಿದ್ದು ಅಜ್ಜಂಪುರ, ಕೊಟ್ಟಿದ್ದು ತರೀಕೆರೆಗೆ. ಗಂಡ ಬಸ್‌ಸ್ಟ್ಯಾಂಡಿನಲ್ಲಿ ಮೂಟೆ ಹೊರುತ್ತಿದ್ದ. ಅವಳಿಗೆ ಮೂವತ್ತೊಂದು ಆಗಿದ್ದಾಗ ತೀರಿಕೊಂಡ. ಅದೇ ಬಸ್‌ಸ್ಟ್ಯಾಂಡಿನ ಹೋಟೆಲೊಂದರ ಹಿಂಬದಿಯಲ್ಲಿ ಲೋಟ ತೊಳೆಯಲು ಸೇರಿದಳು. ಒಂದು ವರ್ಷ ಕಳೆದ ಮೇಲೆ ಅವಳ ಕೇರಿಯವನೇ ಆದ ಹಿರಿಯ ಸಪ್ಲೈಯರ್ ಗಿಡ್ಡಪ್ಪ ಅವಳನ್ನು ಮುಂದಕ್ಕೆ ಕರೆದ. ಬೆರಳ ಸಂದಿಯಲ್ಲಿ ನಾಲ್ಕು ಲೋಟ ಹಿಡಿಯುವುದು ಹೇಗೆ, ಬಿಸಿ ಸಾಂಬಾರಿನ ಬಕೆಟ್ಟನ್ನು ಗಿರಾಕಿಯ ಯಾವ ಭುಜದ ಕಡೆಯಿಂದ ತರಬೇಕು, ಎಲ್ಲ ತೋರಿಸಿದ. ಇನ್ನೊಂದನ್ನೂ ಹೇಳಿಕೊಟ್ಟ.

"ಯಾವೂರಮ್ಮ ಅಂದ್ರೆ ಅಜ್ಜಂಪುರ ಅನ್ನು. ಅಜ್ಜಂಪುರದಾಗೆ ಯಾವ ಬೀದಿ ಅಂತ ಕೇಳಿದ್ರೆ, ನೀರು ತತ್ತೀನಿ ಸಾಮಿ ಅಂತ ಹೊಂಟ್ಬಿಡು. ನೀನು ತಿರುಗಿ ಬರೋ ಹೊತ್ಗೆ ದೋಸೆ ಬಂದಿರ್ತದೆ, ಮರ್ತಿರ್ತಾರೆ."

ಹದಿನೈದು ದಿನ ಅವಳ ಮೇಜಿನ ತಟ್ಟೆಗಳನ್ನೆಲ್ಲ ಗಿಡ್ಡಪ್ಪ ಎತ್ತಿದ. ಬೀದಿ ತಿಳಿದರೆ ಜಾತಿ ತಿಳಿಯುವ ಕಡೆ ಆ ಒಂದು ಮಾತಿಗೇ ಹದಿನೈದು ದಿನದ ತಟ್ಟೆ ಕಡಿಮೆ ಎಂದು ಅವಳಿಗೆ ಅನ್ನಿಸಿತ್ತು. ರಸ್ತೆ ಅಗಲ ಮಾಡುವಾಗ ಆ ಹೋಟೆಲು ಹೋಯಿತು. ಆಮೇಲೆ ಕಡೂರು.

ಈ ವರ್ಷ ವೈಶಾಖದಲ್ಲಿ ಸಿಂಗಟಗೆರೆಯ ತನುಜಾ ಬಂದಳು. ಇಪ್ಪತ್ತಾರು ವರ್ಷ, ಪಿಯುಸಿ ಓದಿದ್ದಳು. ಗಂಡನ ಮನೆ ಬಿಟ್ಟು ತವರಿಗೆ ಬಂದಿದ್ದಳು. ದಿನಾ ಬೆಳಗಿನ ಮೊದಲ ಬಸ್ಸಿಗೆ ಬರುವಳು. ಮದುವೆಯ ಕಾಲ, ಮದುವೆಗೆ ಹೋಗುವವರು ಬರುವವರು, ಮೇಜು ಖಾಲಿ ಆಗುತ್ತಲೇ ಇರಲಿಲ್ಲ. ತಟ್ಟೆಗಳೂ ತುಂಬುತ್ತಿದ್ದವು. ತನುಜಾ ಓಡಾಡಿದಳು, ವನಜಾಕ್ಷಿ ತಟ್ಟೆ ಎತ್ತಿದಳು.

ಹನ್ನೊಂದನೆಯ ದಿನ ತನುಜಾಳ ಕೈ ಜಾರಿ ಸಾಂಬಾರು ಒಬ್ಬರ ಬಿಳಿ ಶರ್ಟಿನ ಮೇಲೆ ಚೆಲ್ಲಿತು. ಆತ ನಿಶ್ಚಿತಾರ್ಥಕ್ಕೆ ಹೊರಟವರು.

"ಕಣ್ಣು ಕಾಣಲ್ವೇನಮ್ಮ? ಯಾರು ನಿಂಗೆ ಕೆಲ್ಸ ಕಲ್ಸಿದ್ದು?"

ವನಜಾಕ್ಷಿ ಓಡಿ ಬಂದು ಒರೆಸುತ್ತಾ, "ಹೊಸಬ್ಳು ಸಾರ್, ಹೊಸಬ್ಳು, ಏನೂ ಗೊತ್ತಾಗಲ್ಲ," ಎಂದಳು. ಗುರುಮೂರ್ತಿ ಆ ಮೇಜಿನ ಬಿಲ್ಲು ಬಿಟ್ಟು, ಆ ಮುನ್ನೂರ ಎಂಬತ್ತು ರೂಪಾಯಿಯನ್ನು ತನುಜಾಳ ಸಂಬಳದಲ್ಲಿ ಹಿಡಿದರು. ತನುಜಾ ವನಜಾಕ್ಷಿಯ ಕಡೆ ಒಂದು ಸಲ ನೋಡಿದಳು. ಹದಿನೈದು ದಿನ ಮುಗಿದ ಮಾರನೆಯ ಬೆಳಿಗ್ಗೆ ವನಜಾಕ್ಷಿ ಸರಿಯಾಗಿ, "ಇವತ್ತಿಂದ ನಿನ್ ತಟ್ಟೆ ನೀನು ಎತ್ಕ," ಎಂದಳು.

ಆಷಾಢದಲ್ಲಿ ಗುರುಮೂರ್ತಿ ನಾಲ್ಕು ಟ್ಯಾಬ್ ತಂದರು.

"ಇನ್ಮೇಲೆ ಕಿಂಡೀಲಿ ಕೂಗೋದು ಬಂದ್. ಮೇಜಿನ ಹತ್ರಾನೇ ಇದರಾಗೆ ಒತ್ಬೇಕು, ಒಳಗಡೆ ಚೀಟಿ ಬತ್ತದೆ. ಹದಿನೈದು ದಿನ ಟೈಮು. ಆಮೇಲೂ ಒತ್ತಕ್ಕೆ ಬರ್ದಿದ್ದೋರು ಒಳಗೆ ತರಕಾರಿ ಹೆಚ್ಲಿ."

ವನಜಾಕ್ಷಿಗೆ ಒಳಗೆ ಎಂದರೆ ತಟ್ಟೆ ಇಲ್ಲ. ಅದಕ್ಕಿಂತ, ಇಪ್ಪತ್ತೆರಡು ವರ್ಷದ ಹಿಂದೆ ಒಂದು ಹೋಟೆಲಿನ ಹಿಂಬದಿಯಿಂದ ಎದ್ದು ಮುಂದಕ್ಕೆ ಬಂದವಳು ಈಗ ಮತ್ತೆ ಹಿಂಬದಿಗೆ. ಟ್ಯಾಬಿನಲ್ಲಿ ಎಲ್ಲ ಇಂಗ್ಲಿಷು. ಕಲಿಸಲು ಮಾಲೀಕರು ಹೇಳಿದ್ದು ತನುಜಾಳಿಗೆ.

ಮೊದಲ ದಿನ ಮೊದಲ ತಟ್ಟೆ ಬಂದಾಗ ವನಜಾಕ್ಷಿಯ ಕೈ ಅಭ್ಯಾಸದಂತೆ ಮುಂದೆ ಹೋಯಿತು.

"ಅಕ್ಕಾ," ಎಂದಳು ತನುಜಾ.

"ಏನೇ?"

"ಈಗ ಕಲಿಸ್ತಿರೋದು ಯಾರು?"

ಪಕ್ಕದ ಮೇಜು ಒರೆಸುತ್ತಿದ್ದ ಕಾಂತರಾಜ್, ಅವಳ ಹತ್ತಿರ ಕಲಿತು ಉಳಿದಿದ್ದ ಒಬ್ಬನೇ ಸಪ್ಲೈಯರ್, ಕೈ ನಿಲ್ಲಿಸಿ ನಕ್ಕ. "ಸಿಕ್ಕಾಕ್ಕೊಂಡ್ರಲ್ಲಾ ವನಜಮ್ಮ! ನನ್ ಹತ್ರ ಹದಿನೈದು ದಿನ ಕಿತ್ಕೊಂಡಿದ್ರಿ, ಈಗ ನೋಡ್ರಿ ಹೆಂಗೆ ಉರೀತದೆ ಅಂತ."

"ಮುಚ್ಕಂಡು ಒರ್ಸೋ," ಎಂದಳು ವನಜಾಕ್ಷಿ. ಆದರೆ ಕೈ ಹಿಂದಕ್ಕೆ ತೆಗೆದುಕೊಂಡಳು. "ಎತ್ಕ ಕಣೇ. ನ್ಯಾಯಾನೇ."

ನ್ಯಾಯ ಎಂದು ಹೇಳಿಬಿಟ್ಟಳು. ಆದರೆ ಈ ಹುಡುಗಿ, ತಟ್ಟೆ ನಂಗೆ ಬೇಡ ಅಕ್ಕ ಎನ್ನಬಹುದಿತ್ತು, ಅರ್ಧ ಸಾಕು ಎನ್ನಬಹುದಿತ್ತು. ಎನ್ನಲಿಲ್ಲ. ತಾನೂ ಯಾರಿಗೂ ಅಂದವಳಲ್ಲ.

ಕಲಿಸುವುದರಲ್ಲಿ ತನುಜಾ ಒಂದು ಚೂರೂ ಕಡಿಮೆ ಮಾಡಲಿಲ್ಲ. ಅಕ್ಷರ ಬಿಟ್ಟು ಚಿತ್ರ ನೋಡಿ ಗುರುತು ಹಿಡಿಯಲು ಹೇಳಿದಳು. ಇಡ್ಲಿ, ವಡೆ, ದೋಸೆ ಮೂರು ದಿನಕ್ಕೆ ಕೈಗೆ ಹತ್ತಿದವು. ಹತ್ತದೇ ಇದ್ದದ್ದು ಮೇಜಿನ ನಂಬರು. ಹನ್ನೊಂದು ವರ್ಷ ವನಜಾಕ್ಷಿಗೆ ಮೇಜುಗಳಿಗೆ ನಂಬರು ಇದೆ ಎಂದೇ ತಿಳಿದಿರಲಿಲ್ಲ. ಅವಳಿಗೆ ಅದು ಕಂಬದ ಮೇಜು, ಇದು ಫ್ಯಾನಿನ ಮೇಜು, ಅದು ಕೈತೊಳೆಯುವ ಕಡೆಯ ಮೇಜು.

"ಕಂಬದ್ದು ಎಷ್ಟಕ್ಕಾ?"

"ಆರು."

"ಒಂಬತ್ತು. ಆರು ಫ್ಯಾನಿಂದು."

"ತಲೆಕೆಳಗಾದ್ರೆ ಎರಡೂ ಒಂದೇ ಅಲ್ವೇನೇ?"

"ನೀನು ತಲೆಕೆಳಗಾಗ್ಬೇಡ ಅಕ್ಕಾ, ಸಾಕು."

ಒಂಬತ್ತನೆಯ ದಿನ ಭಾನುವಾರ. ಹೆಬ್ಬೆ ಜಲಪಾತ ನೋಡಲು ಹೊರಟ ಐದು ಜನ ಕಂಬದ ಮೇಜಿಗೆ ಕೂತು ಐದು ಮಸಾಲೆ ದೋಸೆ ಹೇಳಿದರು. ಹೋಟೆಲು ತುಂಬಿ ಬಾಗಿಲಲ್ಲಿ ಜನ ನಿಂತಿದ್ದರು. ವನಜಾಕ್ಷಿ ಐದು ದೋಸೆ ಒತ್ತಿ, ಮೇಜಿನ ನಂಬರಿಗೆ ಒಂಬತ್ತರ ಬದಲು ಆರು ಒತ್ತಿದಳು. ಚೀಟಿ ನೋಡಿ ಕಾಂತರಾಜ್ ದೋಸೆಗಳನ್ನು ಫ್ಯಾನಿನ ಮೇಜಿಗೆ ಇಟ್ಟ. ಸೆಟ್ ದೋಸೆ ಹೇಳಿದ್ದ ಅಲ್ಲಿಯ ಐದು ಜನ ಹಸಿದಿದ್ದರು, ಕೇಳದೆ ತಿಂದರು. ಅವರ ಸೆಟ್ ದೋಸೆ ಬಂದಾಗ ಬೇಡ ಎಂದರು. ಕಂಬದ ಮೇಜಿನವರು ಅರ್ಧ ಗಂಟೆ ಕಾದು, ಇಡೀ ಹೋಟೆಲು ಕೇಳುವ ಹಾಗೆ ಬೈದು ಎದ್ದು ಹೋದರು.

ಗುರುಮೂರ್ತಿ ಗಲ್ಲಾ ಬಿಟ್ಟು ಬಂದರು. "ಯಾರ್ರೀ ಒತ್ತಿದ್ದು ಅದನ್ನ?"

ವನಜಾಕ್ಷಿಯ ಕಣ್ಣ ಮುಂದೆ ತರಕಾರಿಯ ಮಣೆ ಬಂತು.

"ನಾನು ಸಾರ್," ಎಂದಳು ತನುಜಾ.

"ಓದಿದೋಳು ಅಂತ ಕೊಟ್ರೆ ಇದೇನಾ? ನಾನೂರೈವತ್ತು ನಿನ್ ಸಂಬಳದಾಗೆ."

"ಆಗ್ಲಿ ಸಾರ್."

ನಾಲ್ಕು ಗಂಟೆಗೆ ಹಿಂದುಗಡೆ ನೀರಿನ ಟ್ಯಾಂಕಿನ ಪಕ್ಕ, ಹಾಲಿನ ಕ್ರೇಟುಗಳನ್ನು ಬೋರಲು ಹಾಕಿಕೊಂಡು ಇಬ್ಬರೂ ಊಟಕ್ಕೆ ಕೂತರು. ವನಜಾಕ್ಷಿ ಅನ್ನ ಕಲಸಿದಳು, ತಿನ್ನಲಿಲ್ಲ.

"ಯಾಕೆ ಹಂಗಂದೆ ನೀನು?"

"ಒಂಬತ್ತು ದಿನ ತಟ್ಟೆ ಎತ್ತಿದ್ದೀನಲ್ಲಕ್ಕ. ದುಡ್ಡು ನಂದು, ಬೈಗಳ ನಿಂದು ಅಂದ್ರೆ ಆಯ್ತದಾ?" ಎಂದು ತನುಜಾ ಮಜ್ಜಿಗೆ ಸುರಿದುಕೊಂಡಳು. ಚುಚ್ಚಿ ಹೇಳಿದ ಮಾತಲ್ಲ, ಹಸಿದವಳು ಊಟದ ನಡುವೆ ಆಡಿದ ಮಾತು.

ವನಜಾಕ್ಷಿಗೆ ತರೀಕೆರೆಯ ಹೋಟೆಲಿನ ಒಂದು ಬೆಳಿಗ್ಗೆ ನೆನಪಾಯಿತು. ಕಲಿಯಲು ಶುರುಮಾಡಿ ವಾರ ಆಗಿರಲಿಲ್ಲ, ಹದಿನಾರು ಲೋಟದ ಟ್ರೇಯನ್ನು ಬಾಗಿಲಲ್ಲಿ ಬೀಳಿಸಿದ್ದಳು. ಗಿಡ್ಡಪ್ಪ ಮಾಲೀಕನ ಮುಂದೆ ಹೋಗಿ, ನನ್ ಕೈ ತಗುಲ್ತು ಸಾಮಿ ಎಂದಿದ್ದ. ಲೋಟದ ದುಡ್ಡು ಅವನೇ ಕಟ್ಟಿದ್ದ. ಒಳ್ಳೆಯ ಮನುಷ್ಯ, ಪಾಪ ಎಂದು ಕಾಪಾಡಿದ ಎಂದೇ ಅವಳು ಇಷ್ಟು ವರ್ಷ ತಿಳಿದಿದ್ದಳು. ಅದು ಪಾಪ ಎಂದಲ್ಲ, ಕಟ್ಟಳೆಯೇ ಅದು. ತಟ್ಟೆ ತೆಗೆದುಕೊಳ್ಳುವವನು ತಪ್ಪನ್ನೂ ತೆಗೆದುಕೊಳ್ಳಬೇಕು. ಅವನು ಬಾಯಿಬಿಟ್ಟು ಹೇಳಿರಲಿಲ್ಲ, ಅವಳಿಗೆ ಹೊಳೆದಿರಲಿಲ್ಲ. ಕಡೂರಿಗೆ ಬರುವಾಗ ಅರ್ಧ ಮಾತ್ರ ತಂದಳು. ಒಂಬತ್ತು ಜನರಿಗೆ ಅರ್ಧವನ್ನೇ ಕಲಿಸಿದಳು. ಹತ್ತನೆಯವಳು ಯಾರೂ ಹೇಳದೆಯೇ ಉಳಿದರ್ಧವನ್ನು ಮಾಡಿ ತೋರಿಸಿದಳು.

"ಸಾಂಬಾರ್ ಚೆಲ್ಲಿದ ದಿನ," ಎಂದಳು ವನಜಾಕ್ಷಿ.

"ಬಿಡಕ್ಕ."

"ಹೊಸಬ್ಳು ಅಂದ್ಬಿಟ್ಟೆ."

"ಹೊಸಬ್ಳೇ ಆಗಿದ್ನಲ್ಲ." ತನುಜಾ ಕೊನೆಯ ತುತ್ತು ಬಳಿದುಕೊಂಡಳು. "ಅವತ್ತು ಬಸ್ಸಲ್ಲಿ ಅತ್ಕಂಡು ಹೋದೆ. ದುಡ್ಡಿಗಲ್ಲ."

ವನಜಾಕ್ಷಿ ಎದ್ದು ಕೈ ತೊಳೆದಳು. ಮೊಣಕಾಲು ಹಿಡಿದುಕೊಂಡು ಎರಡು ಮೆಟ್ಟಿಲು ಹತ್ತಿ ಗಲ್ಲಾದ ಮುಂದೆ ನಿಂತಳು.

"ಸಾರ್, ವೈಶಾಖದಾಗೆ ಸಾಂಬಾರ್ ಚೆಲ್ತಲ್ಲ, ಆ ದುಡ್ಡು ತನುಜಂಗೆ ವಾಪಸ್ ಹಾಕಿ. ನನ್ ಸಂಬಳದಾಗೆ ಹಿಡೀರಿ."

ಗುರುಮೂರ್ತಿ ಫೋನಿನಿಂದ ತಲೆ ಎತ್ತಿದರು. "ಅದ್ಯಾವ ಕಾಲದ ಕಥೆ ತೆಗೀತೀಯಮ್ಮ? ಚೆಲ್ಲಿದ್ದು ಅವ್ಳು ತಾನೇ?"

"ಚೆಲ್ಲಿದ್ದು ಅವ್ಳು. ಕಲಿಸ್ತಿದ್ದೋಳು ನಾನು. ತಟ್ಟೆ ನಂದಾಗಿತ್ತು."

"ಹಂಗಾ." ಗುರುಮೂರ್ತಿ ಕುರ್ಚಿಗೆ ಒರಗಿದರು. "ಹಂಗಾರೆ ಇವತ್ತಿಂದೂ ನಿಂದ್ರಾಗೇ ಹಿಡೀಲಾ? ನಂಗೇನು ಕಣ್ಣಿಲ್ವಾ? ಕಂಬದ ಮೇಜಲ್ಲಿ ಟ್ಯಾಬ್ ಹಿಡ್ಕಂಡಿದ್ದೋಳು ನೀನು."

ಅವಳಿಗೆ ಸುಳ್ಳು ಹೇಳಲು ಇನ್ನೂ ಜಾಗವಿತ್ತು. "ಒತ್ತಿದ್ದು ನಾನೇ ಸಾರ್," ಎಂದಳು. "ಆದ್ರೆ ಇವತ್ತಿನ ದುಡ್ಡು ಅವ್ಳದೇ. ಕಲಿಸ್ತಿರೋಳು ಅವ್ಳು, ತಟ್ಟೆ ಅವ್ಳು ಎತ್ತವ್ಳೆ. ಹಳೇದು ನಂದು, ಇವತ್ತಿಂದು ಅವ್ಳದು. ಎರಡನ್ನೂ ಕಲಸ್ಬೇಡಿ."

"ಕಲಸ್ದೇ ಇದ್ರೆ ನಿನ್ನ ಒಳಗೆ ಕಳಿಸ್ಬೇಕಾಯ್ತದಲ್ಲ ನಾನು?"

"ನೀವು ಹೇಳಿದ್ದು ಹದಿನೈದು ದಿನ. ಒಂಬತ್ತಾಗೈತೆ. ಇನ್ನಾರು ದಿನ ನಾನು ಕಲಿಯೋಳೇ. ಅದಾದ್ಮೇಲೆ ತಪ್ಪಿದ್ರೆ ತಪ್ಪು ನಂದು, ನೀವು ಹೇಳೋ ಮುಂಚೆ ನಾನೇ ಒಳಗೆ ಹೋಯ್ತೀನಿ."

ಗುರುಮೂರ್ತಿ ಅವಳನ್ನು ನೋಡಿದರು, ಹೆಂಡತಿಗೆ ಹೇಳಲು ಒಂದು ಕಥೆ ಸಿಕ್ಕಿತು ಎಂಬ ಮುಖ ಮಾಡಿದರು. ಪುಸ್ತಕ ತೆಗೆದು ತನುಜಾಳ ಮುನ್ನೂರ ಎಂಬತ್ತನ್ನು ಹೊಡೆದುಹಾಕಿ ವನಜಾಕ್ಷಿಯ ಹೆಸರಿಗೆ ಬರೆದರು. "ಆರು ದಿನ," ಎಂದರು. "ಏಳನೇ ದಿನಕ್ಕೆ ನನ್ ಹತ್ರ ಕಾನೂನು ಹೇಳಂಗಿಲ್ಲ."

ತನುಜಾ ಒಳಬಾಗಿಲಲ್ಲಿ ನಿಂತು ಕೇಳಿದ್ದಳು.

"ಕೊಡು ಅಂತ ನಾನು ಕೇಳಿರ್ಲಿಲ್ಲಕ್ಕ."

"ಕೇಳ್ಬೇಕಾಗಿತ್ತು ನೀನು. ಅವತ್ತೇ ಕೇಳ್ಬೇಕಾಗಿತ್ತು," ಎಂದಳು ವನಜಾಕ್ಷಿ. ದನಿಯಲ್ಲಿ ಸಿಟ್ಟೂ ಇತ್ತು, ಸುಸ್ತೂ ಇತ್ತು.

ಐದು ಗಂಟೆಗೆ ತರೀಕೆರೆಯ ಕಡೆಯಿಂದ ಬಂದ ಒಂದು ಕಾರು ನಿಂತಿತು. ಗಂಡ, ಹೆಂಡತಿ, ಒಬ್ಬಳು ಮುದುಕಿ ಬಂದು ಕಂಬದ ಮೇಜಿಗೆ ಕೂತರು. ಮೂರು ಕಾಫಿ, ಒಂದಕ್ಕೆ ಸಕ್ಕರೆ ಬೇಡ. ವನಜಾಕ್ಷಿ ಟ್ಯಾಬ್ ಹಿಡಿದು ನಿಂತಳು. ತನುಜಾ ಎರಡು ಹೆಜ್ಜೆ ಹಿಂದೆ ಬಂದು ನಿಂತಳು, ನಂಬರು ಹೇಳಿಕೊಡಲಿಲ್ಲ. ವನಜಾಕ್ಷಿ ಬೆರಳನ್ನು ಗಾಳಿಯಲ್ಲಿ ಹಿಡಿದು ಎರಡು ನಂಬರನ್ನೂ ನೋಡಿದಳು, ಮತ್ತೆ ನೋಡಿದಳು, ಒತ್ತಿದಳು.

ಕಾಫಿ ಸರಿಯಾದ ಮೇಜಿಗೆ ಬಂತು. ಅವರು ಕುಡಿದು, ಸೋಂಪು ತಿಂದು, ತಟ್ಟೆಯಲ್ಲಿ ಇಪ್ಪತ್ತರ ಒಂದು ನೋಟು ಬಿಟ್ಟು ಎದ್ದರು. ವನಜಾಕ್ಷಿ ಲೋಟ ಎತ್ತಿದಳು. ಒದ್ದೆ ಬಟ್ಟೆ ತಂದು ಮೇಜು ಒರೆಸಿದಳು. ತಟ್ಟೆ ಇದ್ದ ಜಾಗವನ್ನು ಬಿಟ್ಟು ಸುತ್ತಲೂ ಒರೆಸಿ, "ಬಾರೇ, ಎತ್ಕ, ಜನ ಬತ್ತಾವ್ರೆ," ಎಂದು ಕೂಗಿ ಮುಂದಿನ ಮೇಜಿಗೆ ಹೋದಳು.