ಟಿವಿಯ ಕೆಂಪು ದೀಪ

ಊರಿನ ಅರ್ಧದಷ್ಟು ಲಿಫ್ಟುಗಳು ಅವನ ಕೈಚಳಕದಿಂದಲೇ ಮೇಲೆ ಕೆಳಗೆ ಓಡುತ್ತಿದ್ದವು. ಅವನ ಸ್ವಂತ ಮನೆಯಿದ್ದದ್ದು ಮಾತ್ರ ಲಿಫ್ಟೇ ಇಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿ. ಇದನ್ನು ಕೇಳಿ ನಗದವರಿಲ್ಲ. ದಿನವಿಡೀ ಕಂಡವರ ಕಟ್ಟಡದ ಲಿಫ್ಟು ರಿಪೇರಿ ಮಾಡಿ, ಸಂಜೆ ಉಸ್ಸಪ್ಪಾ ಎಂದು ಮೆಟ್ಟಿಲು ಹತ್ತಿ ಬರುವವನಿಗೆ ಆ ನಗುವಿನಲ್ಲಿ ಪಾಲು ಬೇಕಿರಲಿಲ್ಲ. ಎಲ್ಲರೂ ಅವನನ್ನು ಲಿಫ್ಟಣ್ಣ ಎನ್ನುತ್ತಿದ್ದರು. ವಯಸ್ಸಿನಲ್ಲಿ ಅವನಪ್ಪನಂತಿದ್ದ ವಾಚ್‌ಮನ್ನುಗಳೂ ಹಾಗೇ ಕರೆಯುತ್ತಿದ್ದರು.

ಕೆಲಸಗಾರ ಅಂದರೆ ಕೆಲಸಗಾರ. ಎರಡು ಮಹಡಿಗಳ ನಡುವೆ ಲಿಫ್ಟು ನಿಂತು ಒಳಗಿದ್ದವರು ಬಾಗಿಲು ಬಡಿಯುತ್ತಿದ್ದರೆ, ಇವನು ಮೊದಲು ಬಾಗಿಲ ಸಂದಿಗೆ ಬಾಯಿಟ್ಟು, "ಬಂದಿದೀನಿ, ಹೆದರ್ಬೇಡಿ, ಬಾಗಿಲಿಗೆ ಮಾತ್ರ ಕೈ ಹಾಕ್ಬೇಡಿ" ಎನ್ನುತ್ತಿದ್ದ. ಆಮೇಲೆ ತಾರಸಿಯ ಮೇಲಿನ ಮೋಟಾರ್ ಕೋಣೆಗೆ ಹೋಗಿ ಕರೆಂಟು ತೆಗೆದು, ಬ್ರೇಕು ಸಡಿಲಿಸಿ, ಚಕ್ರವನ್ನು ಕೈಯಲ್ಲೇ ತಿರುಗಿಸಿ ಲಿಫ್ಟನ್ನು ಬಾಗಿಲಿನ ಮಟ್ಟಕ್ಕೆ ತರುತ್ತಿದ್ದ. ಕಂಪನಿಯವರು ಅವನನ್ನು ಇಟ್ಟುಕೊಂಡಿದ್ದೇ ಇದಕ್ಕೆ. ಫೋನ್ ಮಾಡಿದರೆ ಎತ್ತುತ್ತಾನೆ, ಎತ್ತಿದರೆ ಬರುತ್ತಾನೆ ಎಂಬ ಹೆಸರಿತ್ತು. ಆ ಹೆಸರಿಗೆ ಕಲ್ಲು ಬಿದ್ದದ್ದು ಒಂದು ಟಿವಿಯಿಂದ, ಅಥವಾ ಹಾಗೆಂದು ಅವನು ತಿಳಿದ.

ಟಿವಿ ಅವನಮ್ಮನದು. ಅಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ವರ್ಷಾನುಗಟ್ಟಲೆ ಒದ್ದೆ ನೆಲದ ಮೇಲೆ ನಿಂತು ದುಡಿದವಳು. ಮಂಡಿಗಳು ಸವೆದು ಹೋಗಿದ್ದವು. ಕೋಲು ಹಿಡಿದು ಅಡುಗೆಮನೆಯಿಂದ ಬಚ್ಚಲಿಗೆ, ಬಚ್ಚಲಿಂದ ಮಂಚಕ್ಕೆ ಓಡಾಡುವುದೇ ಅವಳಿಗೆ ಪ್ರಯಾಣ. ಮೂರು ಮಹಡಿ ಇಳಿದು ಬೀದಿ ನೋಡುವುದನ್ನು ಅವಳು ಯಾವತ್ತೋ ಕೈಬಿಟ್ಟಿದ್ದಳು. ಹಾಗಾಗಿ ಸಂಜೆಯ ಸೀರಿಯಲ್ಲೇ ಅವಳ ಬೀದಿ, ಅವಳ ನೆರೆಹೊರೆ. ಅದರಲ್ಲಿನ ಒಬ್ಬಳು ಮನೆಹಾಳಿ ನಾದಿನಿಯನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿ. "ನೋಡು ನೋಡು, ಮತ್ತೆ ಬಾಗಿಲ ಹಿಂದೆ ನಿಂತು ಕೇಳಿಸ್ಕೊಳ್ತಿದಾಳೆ, ನಾಚಿಕೆಗೆಟ್ಟವಳು!" ಎಂದು ಟಿವಿಗೇ ಬಯ್ಯುತ್ತಿದ್ದಳು.

ಒಂದು ದಿನ ಟಿವಿಯ ರಿಮೋಟು ನೆನೆಹಾಕಿದ ಬಟ್ಟೆಯ ಬಕೆಟ್ಟಿಗೆ ಬಿದ್ದು ಸತ್ತಿತು. ಟಿವಿಯ ಮೈಮೇಲಿದ್ದ ಬಟನ್ನು ಅದಕ್ಕೂ ಮೊದಲೇ ಒಳಗೆ ಕುಸಿದಿತ್ತು. ಊರಿಗೆಲ್ಲ ಬಟನ್ನು ಸರಿಮಾಡುವ ಮಗ ಇವತ್ತು ನಾಳೆ ಎನ್ನುತ್ತ ಅದನ್ನು ಮುಟ್ಟಿರಲಿಲ್ಲ. ಆ ಟಿವಿ ಮಾಡುತ್ತಿದ್ದ ಕಂಪನಿ ಬಾಗಿಲು ಹಾಕಿ ಎಷ್ಟೋ ಕಾಲವಾಗಿತ್ತು. ಎಲ್ಲ ಟಿವಿಗೂ ಆಗುತ್ತದೆ ಎಂದು ಅಂಗಡಿಯವನು ಕೊಟ್ಟ ರಿಮೋಟು ಈ ಒಂದು ಟಿವಿಗೆ ಮಾತ್ರ ಆಗಲಿಲ್ಲ. ಕೊನೆಗೆ ಜೊತೆಯ ಕೆಲಸಗಾರನೊಬ್ಬ ಇವನ ಹಳೇ ಫೋನಿನ ನೆತ್ತಿಯ ಮೇಲಿದ್ದ ಕಪ್ಪು ಚುಕ್ಕೆ ತೋರಿಸಿ, "ಇದರಲ್ಲೇ ರಿಮೋಟ್ ಇದೆಯಲ್ಲೋ ಮಾರಾಯ, ಒಂದು ಆ್ಯಪ್ ಹಾಕ್ಕೊಂಡ್ರೆ ಆಯ್ತು" ಎಂದ. ಹಾಕಿಕೊಂಡು, ಮನೆಗೆ ಬಂದು, ಟಿವಿಯತ್ತ ಹಿಡಿದು ಒಂದೊಂದೇ ಕಂಪನಿಯ ಹೆಸರು ಒತ್ತುತ್ತ ಹೋದ. ಇನ್ನೇನು ಫೋನನ್ನು ಮಂಚದ ಮೇಲೆ ಎಸೆಯಬೇಕು, ಅಷ್ಟರಲ್ಲಿ ಟಿವಿಯ ಕೆಂಪು ದೀಪ ಮಿಟುಕಿ ಪರದೆ ಬೆಳಗಿತು.

"ಫೋನಲ್ಲೇ ಟಿವಿ ಹಚ್ಚಿಬಿಟ್ಯಲ್ಲೋ!" ಎಂದು ಅಮ್ಮ ಹಿಗ್ಗಿದಳು. ಪಕ್ಕದ ಮನೆಯವಳನ್ನು ಕರೆದು ಅವಳಿಗೂ ತೋರಿಸಿದಳು. ಅಂದಿನಿಂದ ಸಂಜೆ ಮಗ ಬಂದು ಫೋನನ್ನು ಅವಳ ಪಕ್ಕದ ಸ್ಟೂಲಿನ ಮೇಲಿಡುವುದು, ಅವಳು ಸೀರಿಯಲ್ಲು ಮುಗಿಯುವವರೆಗೆ ಅದನ್ನು ಕಾಯುವುದು ರೂಢಿಯಾಯಿತು. ಒಂದು ಸಲ ಒತ್ತಿ, ತಕ್ಷಣ ಬೋರಲು ಮಲಗಿಸಿ, ಮೇಲೊಂದು ಕರವಸ್ತ್ರ ಹೊದಿಸುತ್ತಿದ್ದಳು.

ಕೆಲವು ತಿಂಗಳು ಎಲ್ಲ ಸರಿಯಾಗಿತ್ತು. ಆಮೇಲೆ ಫೋನಿಗೆ ಏನಾಯಿತೋ, ಬೆಳಿಗ್ಗೆ ಹೊಟ್ಟೆ ತುಂಬ ಚಾರ್ಜು ತುಂಬಿಕೊಂಡು ಹೊರಟದ್ದು ಸಂಜೆಗೆಲ್ಲ ನಾಲಿಗೆ ಹೊರಚಾಚತೊಡಗಿತು. ಒಂದು ಸಂಜೆ ಅವನು ಎಂದಿನಂತೆ ಫೋನನ್ನು ಸ್ಟೂಲಿನ ಮೇಲಿಟ್ಟು, ಸ್ನಾನ ಮಾಡಿ, ಹಾಗೇ ಒಂದು ಗಳಿಗೆ ಕಣ್ಣು ಮುಚ್ಚಿದ. ಕರವಸ್ತ್ರದಡಿ ಫೋನು ತಣ್ಣಗೆ ಸತ್ತಿತ್ತು. ಅದೇ ಹೊತ್ತಿಗೆ ಪೇಟೆಯ ಒಂದು ಕಟ್ಟಡದಲ್ಲಿ, ಡಯಾಲಿಸಿಸ್ ಮುಗಿಸಿ ಮನೆಗೆ ಹೊರಟಿದ್ದ ನಿವೃತ್ತ ಮೇಷ್ಟ್ರೊಬ್ಬರು ಲಿಫ್ಟಿನಲ್ಲಿ ಸಿಕ್ಕಿಕೊಂಡರು. ಕಂಪನಿಯವರು ಇವನಿಗೆ ಕರೆ ಮಾಡಿ ಮಾಡಿ ಸೋತು, ಊರಿನ ಇನ್ನೊಂದು ತುದಿಯಿಂದ ಬೇರೆಯವನನ್ನು ಕಳಿಸುವ ಹೊತ್ತಿಗೆ ಮೇಷ್ಟ್ರು ಲಿಫ್ಟಿನ ನೆಲದ ಮೇಲೆ ಗೋಡೆಗೊರಗಿ ಕುಳಿತುಬಿಟ್ಟಿದ್ದರಂತೆ.

ಮರುದಿನ ಸೂಪರ್‌ವೈಸರ್ ಎಲ್ಲರೆದುರೇ ಅವನಿಗೆ ಉಗಿದು ಉಪ್ಪಿನಕಾಯಿ ಹಾಕಿದ.

"ಇನ್ನೊಂದು ಸಲ ನಿನ್ನ ಫೋನ್ ಸ್ವಿಚ್ ಆಫ್ ಬರಲಿ, ನಿನ್ನನ್ನ ಗೋಡೌನಿಗೆ ಹಾಕ್ತೀನಿ. ಅಲ್ಲಿ ಹಗ್ಗ, ಬೋಲ್ಟು ಎಣಿಸ್ಕೊಂಡು ಕೂತಿರು."

ಗೋಡೌನು ಊರಾಚೆ. ಕತ್ತಲಲ್ಲಿ ಮನೆ ಬಿಟ್ಟರೆ ಕತ್ತಲಲ್ಲೇ ಬರಬೇಕು. ಈಗಾದರೆ ಅವನು ಮಧ್ಯಾಹ್ನ ಕೆಲಸದ ನಡುವೆ ಮನೆಗೆ ಬಂದು, ಅಮ್ಮನಿಗೆ ಊಟ ಬಡಿಸಿ, ಅವಳನ್ನು ಬಚ್ಚಲಿಗೆ ಕೈಹಿಡಿದು ನಡೆಸಿ ಹೋಗುತ್ತಿದ್ದ. ಹೆಂಡತಿ ಬಟ್ಟೆ ಅಂಗಡಿಯಲ್ಲಿ ಮಾರಾಟದವಳು, ಅಂಗಡಿ ಮುಚ್ಚುವವರೆಗೆ ಅಲ್ಲಿಂದ ಅಲುಗುವಂತಿಲ್ಲ. ಗೋಡೌನು ಅಂದರೆ ಅಮ್ಮ ಬೆಳಗಿನಿಂದ ರಾತ್ರಿಯವರೆಗೆ ಒಬ್ಬಳೇ ಎಂದು ಅರ್ಥ. ಅಮ್ಮನಿಗಾಗಿ ಹೆದರಿದವನು ಮನೆಗೆ ಬಂದು, ಎಂದಿನಂತೆ ಫೋನು ಸ್ಟೂಲಿನ ಮೇಲಿಟ್ಟು, ಸೀರಿಯಲ್ಲಿನ ನಡುವೆ ಕೂಗಾಡಿದ್ದೂ ಅಮ್ಮನ ಮೇಲೆಯೇ. ಮನುಷ್ಯ ಮಾಡುವುದೇ ಹೀಗೆ.

"ನಿನ್ನ ಒಂದು ಸೀರಿಯಲ್‌ಗೋಸ್ಕರ ನನ್ನ ಅನ್ನಕ್ಕೆ ಕಲ್ಲು ಬೀಳ್ತಿದೆ! ಈ ಟಿವಿ ನನ್ನ ಬ್ಯಾಟರೀನೆಲ್ಲ ಕುಡೀತಿದೆ ಕಣಮ್ಮ! ಟಿವಿ ಹಚ್ಚೋ ಕಿರಣ ಫೋನಿಂದ ಸುಮ್ನೆ ಬರುತ್ತಾ? ಅದಕ್ಕೆ ಕರೆಂಟು ಬೇಡ್ವಾ?"

ಮೋಟಾರು, ಬ್ರೇಕು, ವೈರುಗಳ ನಡುವೆ ಬದುಕಿದವನ ಲೆಕ್ಕಾಚಾರ ಅದು. ಏನಾದರೂ ಕೆಲಸ ಮಾಡುತ್ತಿದೆ ಎಂದರೆ ಕರೆಂಟು ತಿನ್ನುತ್ತಿದೆ ಎಂದೇ ಅರ್ಥ. ಎಷ್ಟು ತಿನ್ನುತ್ತದೆ ಎಂದು ಕೇಳುವಷ್ಟು ತಾಳ್ಮೆ ಅವತ್ತು ಅವನಲ್ಲಿರಲಿಲ್ಲ.

ಅಮ್ಮ ಕರವಸ್ತ್ರ ಸರಿಸಿ, ಫೋನು ಎತ್ತಿ, ಟಿವಿ ಆರಿಸಿದಳು. ನಾದಿನಿ ಅರ್ಧ ಮಾತಿನಲ್ಲೇ ಮಾಯವಾದಳು.

"ನನಗೆ ಗೊತ್ತಿರಲಿಲ್ಲಪ್ಪ" ಎಂದಳು. ಫೋನನ್ನು ಎರಡೂ ಕೈಯಲ್ಲಿ ಹಿಡಿದು ಅವನಿಗೆ ಕೊಟ್ಟಳು.

ಅಂದಿನಿಂದ ಟಿವಿ ಬಂದ್. ಹೆಂಡತಿ ಒಂದು ದಿನ ಕೇಳಿದಳು: "ಅತ್ತೆಗೆ ಏನಂದ್ರಿ? ಟಿವಿ ಹಾಕ್ಲಾ ಅಂದ್ರೆ ಬೇಜಾರು ಬಂದಿದೆ ಬೇಡ ಅಂತಾರೆ. ಆ ನಾದಿನಿ ಕಥೆ ಏನಾಯ್ತು ಅಂತ ಮಾತ್ರ ನನ್ನ ಹತ್ರ ಕೇಳ್ತಾರೆ. ನನಗೇನು ಗೊತ್ತು?"

"ಬೇಜಾರು ಬಂದಿದ್ರೆ ಒಳ್ಳೇದೇ ಆಯ್ತಲ್ಲ" ಎಂದು ಅವನು ಮಾತು ಮುರಿದ.

ಆದರೆ ಬ್ಯಾಟರಿ ನಿಲ್ಲಲಿಲ್ಲ! ರಿಮೋಟು ಮುಟ್ಟದೆ ಎರಡು ವಾರವಾದರೂ ಸಂಜೆಯಾಗುತ್ತಲೇ ಫೋನಿಗೆ ಅದೇ ಮೂರ್ಛೆ. ಹೋದ ಕಟ್ಟಡದಲ್ಲೆಲ್ಲ ವಾಚ್‌ಮನ್ನಿನ ಕೋಣೆಯ ಸಾಕೆಟ್ಟಿಗೆ ಚಾರ್ಜರು ಚುಚ್ಚಿ, ಮೇಲೆ ಕೆಲಸ, ಕೆಳಗೆ ಫೋನು ಎಂದು ಬಾಲ ಸುಟ್ಟ ಬೆಕ್ಕಿನಂತೆ ಓಡಾಡಿದ. ಒಬ್ಬ ವಾಚ್‌ಮನ್ನು, "ಲಿಫ್ಟಣ್ಣ, ನೀನು ಲಿಫ್ಟು ನೋಡೋಕೆ ಬರ್ತೀಯೋ, ಕರೆಂಟು ಕದಿಯೋಕೋ?" ಎಂದು ಹಲ್ಲು ಕಿಸಿದ. ಅವನಿಗೆ ಪಿತ್ತ ನೆತ್ತಿಗೇರಿತು. ಆದರೆ ಸಾಕೆಟ್ಟು ಆ ವಾಚ್‌ಮನ್ನಿನದಾದ್ದರಿಂದ ಚಾರ್ಜರನ್ನು ಇನ್ನಷ್ಟು ಒತ್ತಿ ಚುಚ್ಚಿ ಮೇಲೆ ಹೋದ.

ಕೊನೆಗೆ ಬ್ಯಾಟರಿಯನ್ನೇ ಬದಲಾಯಿಸೋಣ ಎಂದು ಮೊಬೈಲ್ ಅಂಗಡಿಗೆ ಹೋದ. ಕೂದಲನ್ನು ಗಂಟು ಕಟ್ಟಿ ಅದಕ್ಕೇ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡಿದ್ದ ಅಂಗಡಿಯ ಹೆಂಗಸು ಫೋನು ಬಿಚ್ಚಲೇ ಇಲ್ಲ. ಪರದೆಯ ಮೇಲೆ ಅಲ್ಲಿ ಇಲ್ಲಿ ಒತ್ತಿ, ಒಂದು ಪುಟ ತೆರೆದು ಅವನತ್ತ ತಿರುಗಿಸಿದಳು. ಯಾವ ಆ್ಯಪ್ ಎಷ್ಟು ಬ್ಯಾಟರಿ ತಿಂದಿದೆ ಎಂದು ಅದರಲ್ಲಿತ್ತು. ಎಲ್ಲಕ್ಕಿಂತ ಮೇಲೆ, ಬೇರೆಯವರಿಗೆ ಜಾಗವೇ ಇಲ್ಲದಂತೆ, ಅವನ ಕಂಪನಿಯ ಆ್ಯಪ್ ಕುಳಿತಿತ್ತು. ಮೆಕ್ಯಾನಿಕ್ಕುಗಳು ಯಾವಾಗ ಎಲ್ಲಿದ್ದಾರೆ ಎಂದು ಆಫೀಸಿಗೆ ಗೊತ್ತಾಗಲಿ ಅಂತ ಎಲ್ಲರ ಫೋನಿಗೂ ಹಾಕಿಸಿದ್ದರು. ಹಾಕಿಸಿದ್ದು ಯಾವಾಗ ಎಂದು ನೆನಪಿಸಿಕೊಂಡ. ಫೋನಿಗೆ ಈ ಕಾಯಿಲೆ ಹತ್ತಿದ ವಾರವೇ.

"ಇದು ಇಡೀ ದಿನ ನೀವಿಲ್ಲಿದೀರ, ನೀವಲ್ಲಿದೀರ ಅಂತ ಚಾಡಿ ಹೇಳ್ತಾನೇ ಇರುತ್ತೆ ಅಣ್ಣ. ಬ್ಯಾಟರಿ ಉಳಿಯೋದು ಹೇಗೆ?"

"ಮತ್ತೆ ರಿಮೋಟು?"

"ಯಾವ ರಿಮೋಟು?"

ಅವನು ಹೇಳಿದ. ಅವಳು ನಗಲಿಲ್ಲ. ಅವನ ಫೋನಿನ ಕಪ್ಪು ಚುಕ್ಕೆಯೆದುರು ತನ್ನ ಫೋನಿನ ಕ್ಯಾಮರಾ ಹಿಡಿದು, ರಿಮೋಟಿನ ಬಟನ್ನು ಒತ್ತಿದಳು. ಬರಿಗಣ್ಣಿಗೆ ಏನೂ ಕಾಣಲಿಲ್ಲ, ಅವಳ ಫೋನಿನ ಪರದೆಯಲ್ಲಿ ಮಾತ್ರ ನೇರಳೆ ಬಣ್ಣದ ಒಂದು ಚುಕ್ಕೆ ಫಕ್ಕನೆ ಮಿನುಗಿ ಆರಿತು.

"ಇಷ್ಟೇ. ಒತ್ತಿದಾಗ ಒಂದು ಚಣ. ಇದಕ್ಕೆ ಹೋಗೋದು ಲೆಕ್ಕಕ್ಕೇ ಇಲ್ಲ. ಆ ಆ್ಯಪ್ ಇಟ್ಕೊಂಡು ಜಾತ್ರೆ ಮಾಡೋಷ್ಟು ಕರೆಂಟು ಸುಡ್ತಿದೀರ, ಈ ಚುಕ್ಕೇನ ಬಯ್ತೀರಲ್ಲ!"

ಅವನು ಅಂಗಡಿಯ ಮೆಟ್ಟಿಲ ಮೇಲೆ ನಿಂತೇ ಸೂಪರ್‌ವೈಸರ್‌ಗೆ ಫೋನು ಹಚ್ಚಿದ.

"ಸಾರ್, ನಿಮ್ಮ ಆ್ಯಪ್ಪೇ ಬ್ಯಾಟರಿ ತಿಂತಿರೋದು. ಸಂಜೆ ಮನೆಗೆ ಹೋದ್ಮೇಲೆ ಆರಿಸ್ಲಾ?"

"ಆರಿಸಿದ್ರೆ ಆ ದಿನದ ಹಾಜರಿ ಸಿಗಲ್ಲ."

"ಆರಿಸದಿದ್ರೆ ಫೋನ್ ಸಾಯುತ್ತೆ ಸಾರ್."

"ಫೋನ್ ಸತ್ರೆ ಗೋಡೌನು. ಚಾರ್ಜ್ ಇಟ್ಕೊಳಪ್ಪ, ಅದನ್ನೂ ನಾನೇ ಹೇಳ್ಕೊಡ್ಬೇಕಾ?"

ಫೋನು ಕಟ್ಟಾಯಿತು. ಇಂಥ ಮಾತಿಗೆ ಎದುರುತ್ತರ ಕೊಡುವುದಕ್ಕೆ ಬೇರೆ ಹೊಟ್ಟೆಪಾಡು ಬೇಕು. ಅವನಿಗಿದ್ದದ್ದು ಒಂದೇ. ರಸ್ತೆಯಲ್ಲಿ ಸಿಕ್ಕ ಖಾಲಿ ಡಬ್ಬವೊಂದನ್ನು ಕಾಲಿಂದ ಒದ್ದ, ಅದು ಚರಂಡಿಗೆ ಬಿತ್ತು. ಎರಡು ವಾರ ಅಮ್ಮ ಬರಿಗೋಡೆ ನೋಡುತ್ತ ಕುಳಿತದ್ದು ಈ ಚಾಡಿಕೋರ ಆ್ಯಪ್ಪಿಗಾಗಿ ಎಂದು ನೆನೆದಾಗ, ಸಿಟ್ಟು ಸೂಪರ್‌ವೈಸರನನ್ನು ದಾಟಿ ತನ್ನ ಮೇಲೇ ತಿರುಗಿತು. ಮೂರು ಮಹಡಿಗಳನ್ನು ಅವತ್ತು ಅವನು ಎಲ್ಲೂ ನಿಲ್ಲದೆ ಹತ್ತಿದ.

"ಅಮ್ಮಾ, ಸೀರಿಯಲ್ ಶುರುವಾಗೋ ಹೊತ್ತು, ಬಾ" ಎನ್ನುತ್ತ ಫೋನನ್ನು ಟಿವಿಯತ್ತ ಹಿಡಿದು ಒತ್ತಿದ. ಏನೂ ಇಲ್ಲ. ಹತ್ತಿರ ಹೋಗಿ ಒತ್ತಿದ. ಕೆಂಪು ದೀಪವೇ ಉರಿಯುತ್ತಿರಲಿಲ್ಲ. ಟಿವಿಯೂ ಕೈಕೊಟ್ಟಿತೇ ಎಂದು ತಲೆ ಕೆಟ್ಟು, ಬಗ್ಗಿ ಮೇಜಿನ ಹಿಂದೆ ನೋಡಿದ. ಗೋಡೆಯ ಬುಡದಲ್ಲಿದ್ದ ಸಾಕೆಟ್ಟು ಖಾಲಿ. ಪ್ಲಗ್ಗಿನ ವೈರನ್ನು ಯಾರೋ ಅಚ್ಚುಕಟ್ಟಾಗಿ ಸುತ್ತಿ ಮೇಜಿನ ಕಾಲಿಗೆ ಕಟ್ಟಿದ್ದರು.

"ಇದನ್ನ ಯಾರು ಕಿತ್ತಿದ್ದು?"

"ನಾನೇ ಕಣೋ" ಎಂದಳು ಅಮ್ಮ. "ನೀನು ಬೈದ ದಿನ ಟಿವಿ ಆರಿಸಿದ್ನಲ್ಲ, ಆದ್ರೂ ಆ ಕೆಂಪು ದೀಪ ಉರೀತಾನೇ ಇತ್ತು. ಮಾರನೇ ದಿನ ನೀನು ಕೆಲಸಕ್ಕೆ ಹೋದ್ಮೇಲೂ ಉರೀತಿತ್ತು. ಓಹೋ, ಇದು ಆರಿದಂಗೆ ಮಾಡಿ ಕದ್ದು ಇವನ ಬ್ಯಾಟರಿ ಕುಡೀತಿದೆ ಅಂದ್ಕೊಂಡೆ. ನೀನೇ ಹೇಳಿದ್ಯಲ್ಲ, ಟಿವಿ ಕುಡೀತಿದೆ ಅಂತ."

"ಅಷ್ಟು ಕೆಳಗೆ ನೀನು ಹೇಗೆ ಬಗ್ಗಿದೆ?"

"ಬಗ್ಗಲಿಲ್ಲ. ನೆಲಕ್ಕೆ ಕೂತು ತೆವಳ್ಕೊಂಡು ಹೋದೆ. ಹೋಗೋದು ಸುಲಭ. ಏಳೋಕೇ ಆಗ್ಲಿಲ್ಲ ನೋಡು, ಮಧ್ಯಾಹ್ನ ನೀನು ಬರೋ ಹೊತ್ತಿಗೆ ಹೆಂಗೋ ಮಂಚ ಹಿಡ್ಕೊಂಡು ಎದ್ದೆ."

ಅಂದು ಮಧ್ಯಾಹ್ನ ಅವಳ ಸೀರೆಯ ತುಂಬ ಧೂಳು ಕಂಡು, "ಎಲ್ಲಿ ಹೊರಳಾಡಿ ಬಂದೆ?" ಎಂದು ತಾನೇ ರೇಗಿದ್ದು ನೆನಪಾಯಿತು. ಪ್ಲಗ್ಗು ಚುಚ್ಚಿದ. ಕೆಂಪು ದೀಪ ಹತ್ತಿತು. ಒತ್ತಿದ, ಪರದೆ ಬೆಳಗಿತು. ಸೀರಿಯಲ್ಲಿನ ಹಾಡು ಶುರುವಾಯಿತು. ಅಮ್ಮನ ಕಣ್ಣು ಮಾತ್ರ ಟಿವಿಯ ಮೇಲಿರಲಿಲ್ಲ, ಅವನ ಕೈಲಿದ್ದ ಫೋನಿನ ಮೇಲಿತ್ತು.

"ಎಷ್ಟು ಹೋಯ್ತು?"

"ಏನೂ ಹೋಗಿಲ್ಲಮ್ಮ. ನಾನು ಹೇಳಿದ್ದು ತಪ್ಪು. ಬ್ಯಾಟರಿ ತಿಂತಿರೋದು ಕಂಪನಿ. ಟಿವಿ ಏನೂ ಮಾಡಿಲ್ಲ. ನೀನೂ ಏನೂ ಮಾಡಿಲ್ಲ."

"ನನ್ನ ಸಮಾಧಾನಕ್ಕೆ ಹೇಳ್ತಿದೀಯ."

"ಇಲ್ಲಮ್ಮ, ನಿಜವಾಗ್ಲೂ" ಎಂದು ಅವನು ಅಂಗಡಿಯ ಹೆಂಗಸು ತೋರಿಸಿದ ನೇರಳೆ ಚುಕ್ಕೆಯ ವಿಷಯ ಶುರುಮಾಡುವಷ್ಟರಲ್ಲಿ ಫೋನು ಹೊಡೆದುಕೊಂಡಿತು. ಪೇಟೆಯ ಕಟ್ಟಡ, ಎರಡನೇ ಮಹಡಿಗೂ ಮೂರನೆಯದಕ್ಕೂ ನಡುವೆ, ಒಳಗೆ ತಾಯಿ, ಕೂಸು. ಅವನು ಚೀಲ ಹೆಗಲಿಗೇರಿಸಿದ. ಫೋನಿನಲ್ಲಿ ಚಾರ್ಜು ಕಾಲುಭಾಗವೂ ಇರಲಿಲ್ಲ. ಅದನ್ನು ಅಮ್ಮನೂ ಕಂಡಳು.

"ನೀನು ನೋಡ್ತಾ ಇರು, ನಾನು ಬಂದ್ಬಿಡ್ತೀನಿ" ಎಂದು ಬಾಗಿಲು ಎಳೆದುಕೊಂಡು ಇಳಿಯತೊಡಗಿದ.

ಎರಡನೇ ಮಹಡಿಗೆ ಬರುವವರೆಗೂ ಟಿವಿಯ ದನಿ ಕೇಳುತ್ತಿತ್ತು. ನಾದಿನಿ ಯಾರ ಮೇಲೋ ಹರಿಹಾಯುತ್ತಿದ್ದಳು. ಆಮೇಲೆ ಕೋಲು ನೆಲಕ್ಕೆ ಬಿದ್ದ ಸದ್ದು, ಅದರ ಹಿಂದೆಯೇ ಏನೋ ನೆಲಕ್ಕೆ ಉಜ್ಜುತ್ತ ಸರಿದ ಸದ್ದು ಕೇಳಿತು. ಅವನು ಮೆಟ್ಟಿಲ ಮೇಲೇ ನಿಂತ. ಟಿವಿ ಸುಮ್ಮನಾಯಿತು.

"ಅಮ್ಮಾ!" ಎಂದು ಕೆಳಗಿನಿಂದಲೇ ಕಿರುಚಿದ. ಅವನ ದನಿಗೆ ಎರಡು ಮನೆಗಳ ಬಾಗಿಲು ತೆರೆದವು. "ಏನೂ ಹೋಗಲ್ಲ ಅಂದ್ನಲ್ಲಮ್ಮಾ! ಯಾಕೆ ಕಿತ್ತೆ?"

ಮತ್ತೆ ಪ್ಲಗ್ಗು ಚುಚ್ಚಿದರೂ ಫೋನಿಲ್ಲದೆ ಅವಳು ಟಿವಿ ಹಚ್ಚುವಂತಿರಲಿಲ್ಲ. ಫೋನು ಅವನ ಕೈಯಲ್ಲಿ ಎರಡನೇ ಸಲ ಹೊಡೆದುಕೊಳ್ಳತೊಡಗಿತ್ತು. ಮೇಲೆ ನೆಲದಲ್ಲಿ ಅಮ್ಮ, ಪೇಟೆಯ ಲಿಫ್ಟಿನೊಳಗೆ ಯಾರದೋ ಕೂಸು. ಒಂದು ಕಾಲು ಮೇಲಿನ ಮೆಟ್ಟಿಲಿಗೆ ಇಟ್ಟಿದ್ದ, ಇನ್ನೊಂದು ಕೆಳಗಿತ್ತು.

"ನಾನು ಇಲ್ಲೇ ಆರಾಮಾಗಿ ಕೂತಿದೀನಿ ಕಣೋ" ಎಂದು ಮುಚ್ಚಿದ ಬಾಗಿಲ ಹಿಂದಿನಿಂದ ಅಮ್ಮನ ದನಿ ಬಂತು. "ನೀನು ಹೋಗು. ಮೊದಲು ಫೋನ್ ಎತ್ತು."

ಅವನು ಫೋನ್ ಎತ್ತಿದ. "ಬರ್ತಿದೀನಿ, ಹೆದರ್ಬೇಡಿ" ಎನ್ನುತ್ತ ಇಳಿದು ಹೋದ.