ಬಾಜು ಮನೆಯ ಅಕ್ಕ ಮುಚ್ಚಿಟ್ಟ ಸುದ್ದಿ

ಮೊನ್ನೆ ಮಗಳ ಜೊತೆ ಮೊಮ್ಮಗಳ ಕಿವಿ ತೋರಿಸಲು ಹುಬ್ಬಳ್ಳಿಯ ದವಾಖಾನೆಯಲ್ಲಿ ಕುಳಿತಿದ್ದೆ. ಪಕ್ಕದ ಹೆಂಗಸಿನ ತೊಡೆಯ ಮೇಲಿದ್ದ ಕೂಸಿನಿಂದ ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆಯ ವಾಸನೆ ಬಂತು. ಬಾಜು ಮನೆಯ ಅಕ್ಕ ನೆನಪಾದಳು...

ಎಪ್ಪತ್ತರ ದಶಕ. ನಾನು ಯರಗುಪ್ಪಿಗೆ ಸೊಸೆಯಾಗಿ ಬಂದ ಹೊಸತು. ಅಕ್ಕನ ಮಗಳಿಗೆ ಐದು ತುಂಬಿದರೂ ಮಾತು ಬಂದಿರಲಿಲ್ಲ. ಹಿಂದಿನಿಂದ ಕೂಗಿದರೆ ತಿರುಗುತ್ತಿರಲಿಲ್ಲ, ಒನಕೆ ನೆಲಕ್ಕೆ ಬಿದ್ದರೆ ಬೆಚ್ಚುತ್ತಿದ್ದಳು. ಕೇಳುತ್ತದೋ ಇಲ್ಲವೋ, ಯಾರಿಗೂ ತಿಳಿಯದು. ಅಕ್ಕ ದಿನಾ ಅವಳ ಕಿವಿಗೆ ಆ ಎಣ್ಣೆ ಹನಿಸುತ್ತಿದ್ದಳು.

ನನಗೆ ಓದು ಬರುತ್ತದೆಂದು ಒಂದು ದಿನ ಹುಬ್ಬಳ್ಳಿಗೆ ಜೊತೆಗೆ ಕರೆದೊಯ್ದಳು. ಡಾಕ್ಟರು ಹುಡುಗಿಯ ಬೆನ್ನ ಹಿಂದೆ ಗಂಟೆ ಬಾರಿಸಿ ನೋಡಿದರು.

"ಕಿವಿ ಕೇಳಂಗಿಲ್ಲವ್ವಾ, ಅದಕ್ಕ ಮಾತು ಬಂದಿಲ್ಲ. ಮಾತು ಕಲಿಸಾವ್ರು ನಮ್ಮ ಕಡೆ ಯಾರೂ ಇಲ್ಲ. ಮೈಸೂರಿಗೆ ಕರ್ಕೊಂಡು ಹೋಗ್ರಿ. ತಾಯಿನೂ ಕೆಲವು ತಿಂಗಳು ಅಲ್ಲೇ ಇರಬೇಕಾಗತೈತಿ," ಎಂದರು.

ಬಸ್ಸಿನಲ್ಲಿ ಅಕ್ಕ ನನ್ನ ಕೈ ಹಿಡಿದು, "ತಂಗಿ, ಊರಾಗ ಬಾಯಿ ಬಿಡಬ್ಯಾಡ," ಎಂದಳು. ಮನೆಗೆ ಬಂದು ತನ್ನ ಅತ್ತೆಯ ಮುಂದೆ, "ನಾಲಗಿ ದಪ್ಪ ಐತಂತ್ರಿ, ತಾನ ಮಾತಾಡತಾಳಂತ," ಎಂದಳು. ಅತ್ತೆ ನನ್ನತ್ತ ನೋಡಿದರು. ನಾನು ಹೌದೆಂದು ತಲೆಯಾಡಿಸಿಬಿಟ್ಟೆ.

ಕೆಲವು ದಿನಗಳ ಮೇಲೆ ಹಿತ್ತಲಲ್ಲಿ ಕಂಡೆ: ಅಕ್ಕ ಮಗಳ ಅಂಗೈಯನ್ನು ತನ್ನ ಗಂಟಲಿಗೆ ಒತ್ತಿಕೊಂಡು "ಅವ್ವ... ಅವ್ವ..." ಎನ್ನುತ್ತಿದ್ದಳು. ಅದನ್ನು ಯಾರು ಹೇಳಿಕೊಟ್ಟಿದ್ದರೋ! ತಿಂಗಳುಗಟ್ಟಲೆ ಹೀಗೇ ನಡೆಯಿತು. ಕಡೆಗೊಮ್ಮೆ ಹುಡುಗಿಯ ಬಾಯಿಂದ "ಅಬ್ಬ" ಎಂದು ಬಂತು. ಅಕ್ಕ ಓಡಿ ಬಂದು ನನ್ನನ್ನು ತಬ್ಬಿಕೊಂಡು ಅತ್ತಳು. ಆದರೆ ಹುಡುಗಿ ನನಗೂ ಅಬ್ಬ ಎಂದಳು, ಎಮ್ಮೆಗೂ ಅಬ್ಬ ಎಂದಳು... ಎರಡನೆಯ ಮಾತು ಬರಲೇ ಇಲ್ಲ.

"ಮೈಸೂರಿಗೆ ಹೋಗೂಣು ಅಕ್ಕಾ, ನಾನೂ ಬರತೇನಿ," ಎಂದೆ ಒಮ್ಮೆ.

ಅವಳು ತಲೆಯೆತ್ತಲಿಲ್ಲ. "ನಾ ಅಲ್ಲಿ ಹೋಗಿ ಕುಂತ್ರ, ಇಲ್ಲಿ ನನ್ನ ಜಾಗಾಕ್ಕ ಇನ್ನೊಬ್ಬಾಕಿ ಬರತಾಳ ತಂಗಿ."

ಅವಳ ಗಂಡ ಸಾಧು ಮನುಷ್ಯ. ಅಂಥವನು ಇನ್ನೊಬ್ಬಳನ್ನು ತರುತ್ತಿದ್ದನೇ? ಅಥವಾ ನನಗೆ ಕಾಣದ್ದು ಅವಳಿಗೆ ಕಂಡಿತ್ತೇ? ಆಗಲೂ ಗೊತ್ತಾಗಲಿಲ್ಲ, ಈಗಲೂ ಇಲ್ಲ. ಅಕ್ಕನ ಮಗಳು ಮದುವೆಯಿಲ್ಲದೆ ತಾಯಿಯ ಜೊತೆಯಲ್ಲೇ ಉಳಿದಳು. ಅಕ್ಕ ತೀರಿಕೊಂಡ ವರ್ಷದೊಳಗೆ ಅವಳೂ ಹೋದಳು.

ಮೊನ್ನೆ ದವಾಖಾನೆಯಲ್ಲಿ ಮೊಮ್ಮಗಳ ಕಿವಿ ಪರೀಕ್ಷಿಸಿದ ಡಾಕ್ಟರ್ ಹುಡುಗಿ ದಣಿದಿದ್ದಳು. "ಕೂಸಿಗೆ ಕಿವಿ ಸರಿಯಾಗಿ ಕೇಳಂಗಿಲ್ರಿ. ಮಂದಿ ಭಾಳ, ನಾ ಒಬ್ಬಾಕೀನ ಇದ್ದೀನ್ರಿ. ಮಾತು ಕಲಿಸಾಕ ಮುಂದಿನ ತಿಂಗಳು ಕರ್ಕೊಂಡ್ ಬರ್ರಿ," ಎಂದಳು.

"ಬರ್ತೀವ್ರಿ," ಎಂದಳು ನನ್ನ ಮಗಳು, ಹೊರಗೆ ಕುಳಿತವರಿಗೆಲ್ಲ ಕೇಳುವಂತೆ.

ಅಂದು ಅಕ್ಕನ ಅತ್ತೆಗೆ ನಾನು ನಿಜ ಹೇಳಿದ್ದರೆ ಆ ಹುಡುಗಿ ಮಾತು ಕಲಿಯುತ್ತಿದ್ದಳೋ, ಅಕ್ಕ ಮನೆ ಕಳೆದುಕೊಳ್ಳುತ್ತಿದ್ದಳೋ... ಕೇಳೋಣವೆಂದರೆ ಆ ಮನೆಯಲ್ಲಿ ಈಗ ಯಾರೂ ಇಲ್ಲ.