ನೆಲಕ್ಕೆ ಇಳಿಯದ ಕರೆಂಟು

ಆ ವರ್ಷ ಹತ್ತನೇ ತರಗತಿಗೆ ವಿದ್ಯುತ್ತಿನ ಪಾಠ ಶುರು ಮಾಡುವ ಹೊತ್ತಿಗೆ ನನಗೆ ಸಾಕುಸಾಕಾಗಿ ಹೋಗಿತ್ತು. ಬೆಳಿಗ್ಗೆ ಚಳ್ಳಕೆರೆಯಲ್ಲಿ ಬಸ್ಸು ಹತ್ತಿ, ಮೊಳಕಾಲ್ಮುರಿನಲ್ಲಿ ಇಳಿದು, ಅಲ್ಲಿಂದ ದೇವಸಮುದ್ರದ ಕಡೆಗೆ ಹೋಗುವ ಇನ್ನೊಂದು ಬಸ್ಸು ಹಿಡಿದು ಶಾಲೆ ಮುಟ್ಟುವಷ್ಟರಲ್ಲಿ ಸೀರೆಯ ನೆರಿಗೆಯೆಲ್ಲ ಧೂಳು. ಗಣಿತದ ಮೇಷ್ಟ್ರಿಗೆ ವರ್ಗವಾಗಿತ್ತು. ಅವರ ಜಾಗಕ್ಕೆ ಯಾರೂ ಬಂದಿರಲಿಲ್ಲವಾದ್ದರಿಂದ ವಿಜ್ಞಾನದ ಜೊತೆಗೆ ಗಣಿತವೂ ನನ್ನ ತಲೆಯ ಮೇಲೆ. ಬಿಸಿಯೂಟದ ಲೆಕ್ಕವನ್ನು ಮೊಬೈಲಿನಲ್ಲಿ ತುಂಬುವ ಕೆಲಸವೂ ನನ್ನದೇ. ಪ್ರಯೋಗಾಲಯ ಎಂದರೆ ಒಂದು ಕಬ್ಬಿಣದ ಬೀರು. ಅದರಲ್ಲಿದ್ದ ಅಮ್ಮೀಟರಿನ ಮುಳ್ಳು ಯಾವ ಕಾಲದಲ್ಲೋ ಅಂಟಿಕೊಂಡಿತ್ತು, ತಟ್ಟಿದರೂ ಅಲ್ಲಾಡುತ್ತಿರಲಿಲ್ಲ.

ಮನೆಯ ವೈರಿಂಗ್ ಚಿತ್ರವನ್ನು ಬೋರ್ಡಿನ ಮೇಲೆ ಬರೆದು ನೋಟ್ಸ್ ಹೇಳುತ್ತಿದ್ದೆ. ನಡುವೆ ಕರೆಂಟು ಹೋಗಿ ಫ್ಯಾನು ನಿಂತಿತು. ಮಕ್ಕಳು ನಕ್ಕರು. ನಾನು ನಗಲಿಲ್ಲ. "ಹಸಿರು ತಂತಿ ಭೂಸಂಪರ್ಕ ತಂತಿ. ಉಪಕರಣದ ಮೈಗೆ ಕರೆಂಟು ಸೋರಿದರೆ ಇದು ಅದನ್ನು ನೆಲಕ್ಕೆ ಇಳಿಸುತ್ತದೆ. ಮುಟ್ಟಿದವರಿಗೆ ಶಾಕ್ ಹೊಡೆಯುವುದಿಲ್ಲ. ಬರ್ಕೊಳ್ಳಿ" ಎಂದೆ.

ಕಿಟಕಿ ಪಕ್ಕದ ಬೆಂಚಿನ ಹುಡುಗಿ ಬರೆಯದೆ ಕೂತಿದ್ದಳು. ಮನೆಯಲ್ಲಿ ತೆಲುಗು ಮಾತಾಡುವವಳು, ತರಗತಿಯಲ್ಲಿ ಬಾಯಿ ಬಿಡುವುದೇ ಅಪರೂಪ. ಅವಳು ಎದ್ದು ನಿಂತು, "ಮಿಸ್, ನಮ್ಮನೆ ಫ್ರಿಜ್ಜು ಮುಟ್ಟಿದ್ರೆ ಹೊಡಿತೈತೆ" ಅಂದಳು.

"ಮೂರು ಪಿನ್ನಿನ ಪ್ಲಗ್ಗು ಇಲ್ವಾ?"

"ಐತೆ ಮಿಸ್. ಆದ್ರೂ ಹೊಡಿತೈತೆ. ಅವ್ವ ಚಪ್ಲಿ ಹಾಕ್ಕೊಂಡೇ ಬಾಗ್ಲು ತೆಗಿಯೋದು."

"ನಮ್ಮನೆ ಗ್ರೈಂಡರೂ ಅಷ್ಟೇ ಮಿಸ್" ಎಂದು ಹಿಂದಿನಿಂದ ಒಬ್ಬಳು. "ನಮ್ಮವ್ವ ಮಣೆ ಮ್ಯಾಲೆ ನಿಂತ್ಕಂತಾಳೆ" ಎಂದು ಮತ್ತೊಬ್ಬ. ನೋಡನೋಡುತ್ತಿದ್ದಂತೆ ಅರ್ಧ ತರಗತಿಯ ಕೈ ಮೇಲೆದ್ದಿತ್ತು. ನಾನು ಬರೆಸುತ್ತಿದ್ದ ವಾಕ್ಯ ಪುಸ್ತಕದಲ್ಲಿ ಸರಿಯಾಗಿತ್ತು, ಇವರ ಮನೆಗಳಲ್ಲಿ ಸುಳ್ಳಾಗಿತ್ತು. ಅಷ್ಟರಲ್ಲಿ ಗಂಟೆ ಹೊಡೆಯಿತು. ನಿಜ ಹೇಳಬೇಕೆಂದರೆ, ಹೊಡೆದದ್ದು ಒಳ್ಳೆಯದೇ ಆಯಿತು ಅನ್ನಿಸಿತು.

ಶಾಲೆ ಬಿಟ್ಟ ಮೇಲೆ ಆ ಹುಡುಗಿ ಗೇಟಿನ ಹತ್ತಿರ ಕಾಯುತ್ತಿದ್ದಳು. "ಮಿಸ್, ಅಕ್ಕ ಊರಿಗೆ ಬಂದವ್ಳೆ. ಅವಳ ಮಗ ಈಗೀಗ ಏನಾರ ಹಿಡ್ಕೊಂಡು ಎದ್ದು ನಿಲ್ತಾನೆ. ಫ್ರಿಜ್ ಹತ್ರಾನೇ ಹೋಗ್ತಾನೆ."

ದೂರದಲ್ಲಿ ನನ್ನ ಬಸ್ಸು ಕಾಣುತ್ತಿತ್ತು. ಅದು ಹೋದರೆ ಮನೆ ಸೇರುವಾಗ ಕತ್ತಲಾಗುತ್ತದೆ. "ನಡಿ" ಅಂದೆ.

ಅವಳ ಅವ್ವ ಅಂಗಳದಲ್ಲಿ ಪಾತ್ರೆ ತೊಳೆಯುತ್ತಿದ್ದವರು ಸೆರಗಿಗೆ ಕೈ ಒರೆಸುತ್ತ ಎದ್ದರು. "ಬರ್ರಿ ಮಿಸ್ಸಮ್ಮ, ಕುಂದ್ರಿ. ಇವಳೇನಾರ ಮಾಡಿದ್ಲಾ?" ಇಲ್ಲವೆಂದು ಹೇಳಿ, ಪಾಠಕ್ಕೆಂದು ಬ್ಯಾಗಿನಲ್ಲಿಟ್ಟಿದ್ದ ಟೆಸ್ಟರನ್ನು ಫ್ರಿಜ್ಜಿನ ಬಾಗಿಲಿಗೆ ಮುಟ್ಟಿಸಿದೆ. ಟೆಸ್ಟರಿನ ದೀಪ ಹೊತ್ತಿತು. "ಬಾಳ ದಿನದಿಂದ್ಲೂ ಅದು ಹಂಗೇ ಐತ್ರಿ. ನಮ್ಗೆ ರೂಢಿ ಆಗೈತೆ" ಎಂದರು ಅವ್ವ. ಮೂಲೆಯಲ್ಲಿ ಕೂತಿದ್ದ ಅಜ್ಜಿ ತೆಲುಗಿನಲ್ಲಿ ಏನೋ ಕೇಳಿದರು. ಹುಡುಗಿ ತೆಲುಗಿನಲ್ಲೇ ಉತ್ತರಿಸಿದಳು. ನಡುವೆ ಬೋರ್ಡಿನ ಚಿತ್ರದಂತೆ ಗೋಡೆಯ ಮೇಲೆ ಬೆರಳಲ್ಲಿ ಗೀರಿ ತೋರಿಸಿದಳು.

ಮನೆಯ ಹಿಂದೆ ಭೂಸಂಪರ್ಕಕ್ಕೆಂದು ನೆಲದಲ್ಲಿ ಹೂತ ಪೈಪು ಇತ್ತು. ಅದಕ್ಕೆ ತಂತಿಯನ್ನೂ ಬಿಗಿದಿದ್ದರು. ಎಲ್ಲವೂ ಪಾಠದಲ್ಲಿ ಇದ್ದ ಹಾಗೆಯೇ. ನಾನು ಕೂತು ಕಡ್ಡಿಯಿಂದ ಕೆದಕಿದೆ. ಎಷ್ಟು ಕೆದಕಿದರೂ ಹಿಟ್ಟಿನಂಥ ಒಣ ಮಣ್ಣು. ಹೊಲದಿಂದ ಆಗತಾನೆ ಬಂದ ಹುಡುಗಿಯ ಅಪ್ಪನಿಗೆ, "ನೆಲ ಇಷ್ಟು ಒಣಗಿದ್ರೆ ಕರೆಂಟು ಇಳಿಯಲ್ರೀ. ಇದಕ್ಕೆ ನೀರು ಹಾಕ್ತಿರ್ಬೇಕು" ಎಂದೆ.

"ಕುಡಿಯಾಕೇ ನೀರು ದಿನ ಬಿಟ್ಟು ದಿನ ಬರ್ತಾವೆ ಮಿಸ್ಸೇ" ಎಂದರು ಅವರು, ಸಿಟ್ಟಿಲ್ಲದೆ. "ಪೈಪಿಗೆ ಎಲ್ಲಿಂದ ಹುಯ್ಯಾನ?"

ಹುಡುಗಿ ನನ್ನ ಮುಖ ನೋಡಿದಳು. "ಪಾತ್ರೆ ತೊಳೆದ ನೀರು ಆಗುತ್ತಾ ಮಿಸ್?"

"ಧಾರಾಳವಾಗಿ ಆಗುತ್ತೆ" ಅಂದೆ.

ಅದೆಲ್ಲ ಸರಿಮಾಡುವವರೆಗೆ ಫ್ರಿಜ್ಜಿನ ಪ್ಲಗ್ಗು ಕಿತ್ತಿಡಿ ಎಂದು ಅವ್ವನಿಗೆ ಹೇಳಿ ಬಂದೆ. ಹಾಲು ಒಡೆಯುತ್ತದೆಂದು ಗೊಣಗಿದರೂ ಕಿತ್ತಿಟ್ಟರು. ಭಾನುವಾರ, ಮಲಗಿ ನಿದ್ದೆ ಮಾಡಬೇಕಿದ್ದ ದಿನ, ಚಳ್ಳಕೆರೆಯಲ್ಲಿ ನಮ್ಮ ಬೀದಿಯ ಎಲೆಕ್ಟ್ರಿಷಿಯನ್ ಚಾಚಾನನ್ನು ಕರೆದುಕೊಂಡು ಮತ್ತೆ ಅದೇ ದಾರಿ ಹಿಡಿದೆ. ಬಸ್ಸಿನುದ್ದಕ್ಕೂ ಆತ, "ಮೇಡಮ್, ಸಂಡೇನೂ ಸ್ಕೂಲ್ ಬಿಡಲ್ಲ ನೀವು, ಆರಾಮ್ ಮಾಡೋದು ಯಾವಾಗ?" ಎಂದು ರೇಗಿಸುತ್ತಿದ್ದ. ಫ್ರಿಜ್ಜಿನ ಹಿಂದೆ ಇಲಿ ಕಡಿದು ಸಿಪ್ಪೆ ಎದ್ದ ವೈರನ್ನು ಮೊದಲು ಬದಲಿಸಿದ. ಆಮೇಲೆ ಪಾತ್ರೆ ತೊಳೆಯುವ ಕಲ್ಲಿನ ಪಕ್ಕದಲ್ಲೇ ಅಪ್ಪ ಮಗಳು ಗುಂಡಿ ತೋಡಿದರು, ಅಜ್ಜಿ ಒಲೆಯ ಇದ್ದಿಲು ತಂದುಕೊಟ್ಟರು. ಪೈಪು ಇಳಿಸಿ, ತೇವ ಹಿಡಿದಿಡಲು ಸುತ್ತ ಇದ್ದಿಲು, ಉಪ್ಪು ತುಂಬಿ, ತಂತಿ ಬಿಗಿದು ಮಣ್ಣು ಮುಚ್ಚಿದ ಮೇಲೆ ಕೊಡಗಟ್ಟಲೆ ಮುಸುರೆ ನೀರು ಹುಯ್ದೆವು.

ಪ್ಲಗ್ಗು ಹಾಕಿ ಟೆಸ್ಟರ್ ಮುಟ್ಟಿಸಿದರೆ ದೀಪ ಹೊತ್ತಲಿಲ್ಲ. ಅವ್ವ ಚಪ್ಪಲಿ ಬಿಟ್ಟು ಬಂದರು. ಬೆರಳ ಹಿಂಬದಿಯಿಂದ ಬಾಗಿಲನ್ನು ಸೋಕಿ ಥಟ್ಟನೆ ಕೈ ಹಿಂತೆಗೆದರು. ಮತ್ತೆ ಸೋಕಿದರು. ಆಮೇಲೆ ಇಡೀ ಅಂಗೈಯನ್ನು ಬಾಗಿಲಿಗೆ ಒತ್ತಿ ಸುಮ್ಮನೆ ನಿಂತರು. ತೆಗೆಯಲು ಮನಸ್ಸಿಲ್ಲದವರ ಹಾಗೆ ಬಹಳ ಹೊತ್ತು ನಿಂತಿದ್ದರು.

ಸೋಮವಾರ ತರಗತಿಗೆ ಕಾಲಿಡುತ್ತಲೇ, "ನಮ್ಮನೆಗೂ ಬರ್ರಿ ಮಿಸ್" ಎಂಬ ಕೂಗು. ಎಲ್ಲರ ಮನೆಗೂ ಹೋಗುವಷ್ಟು ಶಕ್ತಿ ನನ್ನಲ್ಲಿರಲಿಲ್ಲ, ಹಾಗೆಂದೇ ಹೇಳಿದೆ. ಬದಲಿಗೆ ಅವರನ್ನು ಶಾಲೆಯ ಹಿಂದಕ್ಕೆ ಕರೆದುಕೊಂಡು ಹೋಗಿ ನಮ್ಮದೇ ಕಟ್ಟಡದ ಪೈಪು ತೋರಿಸಿದೆ. ಅಲ್ಲಿಯೂ ಹಿಟ್ಟಿನಂಥ ಮಣ್ಣು. ಊಟದ ತಟ್ಟೆ ತೊಳೆಯುವ ಕಡೆಯಿಂದ ನೀರು ಅದರ ಬುಡಕ್ಕೆ ಹರಿಯುವಂತೆ ಮಕ್ಕಳೇ ಸಣ್ಣ ಕಾಲುವೆ ತೋಡಿದರು. ತಮ್ಮ ತಮ್ಮ ಮನೆಗಳಲ್ಲಿ ಕೆಲವರು ಮಾಡಿಸಿದರು, ಕೆಲವರ ಮನೆಯವರು ಕಿವಿಗೆ ಹಾಕಿಕೊಳ್ಳಲಿಲ್ಲ. ಅದೇ ತಿಂಗಳು ತಪಾಸಣೆಗೆ ಬಂದ ಅಧಿಕಾರಿ, ಪಾಠ ಯಾಕೆ ಇಷ್ಟು ಹಿಂದುಳಿದಿದೆ ಎಂದು ಎಲ್ಲರೆದುರು ಕೇಳಿದರು. ಬೇಗ ಮುಗಿಸುತ್ತೇನೆ ಸಾರ್ ಅಂದೆ. ವಾದ ಮಾಡಲು ಬೇಕಾದ ಉಸಿರೂ ಇರಲಿಲ್ಲ.

ಪರೀಕ್ಷೆಯಲ್ಲಿ ಭೂಸಂಪರ್ಕದ ಪ್ರಶ್ನೆ ಬರಲೇ ಇಲ್ಲ. ವಿಜ್ಞಾನದಲ್ಲಿ ಹೇಗೋ ಪಾಸಾದ ಆ ಹುಡುಗಿ ಮೊಳಕಾಲ್ಮುರಿನಲ್ಲಿ ಪಿಯುಸಿ ಆರ್ಟ್ಸ್ ಸೇರಿದಳು. ಸೈನ್ಸ್ ಯಾಕೆ ತಗೊಳ್ಳಲಿಲ್ಲ ಎಂದು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ ಕೇಳಿದೆ. "ಲೆಕ್ಕ ತಲೆಗೆ ಹತ್ತಲ್ಲ ಮಿಸ್" ಎಂದು ನಕ್ಕಳು. ನನಗೆ ಸ್ವಲ್ಪ ಬೇಸರವಾಯಿತು, ಸುಳ್ಳು ಯಾಕೆ ಹೇಳಲಿ.

ಅವಳು ಕಾಲೇಜಿಗೆಂದು ಬೆಳಿಗ್ಗೆ ಊರಿಂದ ಬಂದು ಮೊಳಕಾಲ್ಮುರಿನಲ್ಲಿ ಇಳಿಯುವ ಬಸ್ಸೇ ಮತ್ತೆ ತಿರುಗಿ ನನ್ನನ್ನು ಶಾಲೆಗೆ ಕರೆದೊಯ್ಯುವ ಬಸ್ಸು. ಮೆಟ್ಟಿಲ ಬಳಿ ಜನ ನುಗ್ಗುತ್ತಿರುತ್ತಾರೆ. ಅವಳು ಇಳಿಯದೆ ಕಿಟಕಿ ಪಕ್ಕದ ಸೀಟಿನಲ್ಲೇ ಕೂತು, ನಾನು ಹತ್ತಿ ಬರುವವರೆಗೆ ಜಾಗ ಹಿಡಿದಿರುತ್ತಾಳೆ. "ಕುಂದ್ರಿ ಮಿಸ್, ಬರ್ತೀನಿ" ಎಂದು ಜನರ ನಡುವೆ ತೂರಿ ಇಳಿದು ಹೋಗುತ್ತಾಳೆ. ನಾನು ಕೂತ ಕೂಡಲೇ ಕಣ್ಣು ಮುಚ್ಚುತ್ತೇನೆ.